ವಸ್ತ್ರವಿನ್ಯಾಸದ ಕೆಲಸ ಎಲ್ಲಿಂದ ಶುರುವಾಗುತ್ತದೆ?

[ದೃಶ್ಯ: ಹ್ಯಾಂಗರಿಗೆ ತೂಗುಹಾಕಿದ ಒಂದೇ ಬಗೆಯ ಮೂರು ಬಿಳಿ ಅಂಗಿಗಳು]

ನಮಸ್ಕಾರ. ಈ ಮೂರೂ ಅಂಗಿಗಳನ್ನು ಒಬ್ಬನೇ ನಟನಿಗೆ, ಒಂದೇ ದೃಶ್ಯಕ್ಕಾಗಿ ಹೊಲಿಸಲಾಗಿದೆ. ಅವನು ಕೆಸರಿನಲ್ಲಿ ಬೀಳುವ ಶಾಟನ್ನು ಮತ್ತೊಮ್ಮೆ ತೆಗೆಯಬೇಕಾಗಿ ಬಂದರೆ ಒಣಗಿದ ಇನ್ನೊಂದು ಅಂಗಿ ಆ ಕ್ಷಣವೇ ಕೈಗೆ ಸಿಗಬೇಕು. ಸಿನಿಮಾದ ವಸ್ತ್ರವಿನ್ಯಾಸಕ್ಕೆ ಬರುವವರು ಸಾಮಾನ್ಯವಾಗಿ ಸ್ಕೆಚ್ ಪುಸ್ತಕ ಹಿಡಿದು ಬರುತ್ತಾರೆ. ಸಹಾಯಕರಾಗಿ ಸೇರಿದವರ ಪಾಲಿಗೆ ಮೊದಲು ಬರುವುದು ಮಾತ್ರ ಇಂಥ ಲೆಕ್ಕದ ಕೆಲಸ.

ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ನಾಯಕಿ ಬಾಗಿಲು ತಟ್ಟುವುದನ್ನು ಇಂದು ತೆಗೆದು, ಅವಳು ಒಳಗೆ ಕಾಲಿಡುವುದನ್ನು ಮೂರು ವಾರ ಬಿಟ್ಟು ತೆಗೆದಾಗ, ಸೆರಗು ಹೇಗಿತ್ತು, ಬಳೆ ಎಷ್ಟಿದ್ದವು ಎಂಬುದಕ್ಕೆ ಫೋಟೊ ಸಮೇತ ಉತ್ತರ ಕೊಡಬೇಕಾದವರು ಸಹಾಯಕರೇ. ಸೆಟ್ಟಿನಲ್ಲಿ ಇದನ್ನು ಕಂಟಿನ್ಯುಟಿ ಎನ್ನುತ್ತಾರೆ.

[ದೃಶ್ಯ: ಉಪ್ಪುಕಾಗದದಿಂದ ಕಾಲರಿನ ಅಂಚನ್ನು ಉಜ್ಜುತ್ತಿರುವ ಕೈ]

ಇನ್ನೊಂದು ಕೆಲಸ, ಹೊಸ ಬಟ್ಟೆಯನ್ನು ಹಳತು ಮಾಡುವುದು. ಗಂಜಿ ಬಿಡುವವರೆಗೆ ಒಗೆದು, ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಬಿಳುಪನ್ನು ಮಂಕಾಗಿಸಿ, ಆಮೇಲೆ ಕಾಲರು, ತೋಳಿನ ತುದಿ, ಜೇಬಿನ ಅಂಚುಗಳಂಥ ಸವೆಯುವ ಜಾಗಗಳನ್ನಷ್ಟೇ ಉಪ್ಪುಕಾಗದದಿಂದ ಉಜ್ಜಬೇಕು. ಅಂಗಿಯುದ್ದಕ್ಕೂ ಉಜ್ಜಿದರೆ ಕೆಲಸ ಕೆಟ್ಟಂತೆಯೇ, ಏಕೆಂದರೆ ಹೊರೆ ಹೊರುವವನ ಅಂಗಿ ಹೆಗಲಿನಲ್ಲಿ ಸವೆಯುತ್ತದೆ, ಗುಮಾಸ್ತನದು ಮೊಣಕೈಯಲ್ಲಿ. ಒದ್ದೆ ಅಂಗಿಯ ಜೇಬಿಗೆ ಕಲ್ಲು ತುಂಬಿ ಒಣಹಾಕಿದರೆ, ವರ್ಷಗಟ್ಟಲೆ ಬೀಡಿಕಟ್ಟು ಹೊತ್ತ ಜೇಬಿನಂತೆ ಅದು ಜೋತುಬೀಳುತ್ತದೆ.

ಫ್ಯಾಷನ್ ಡಿಸೈನ್ ಕೋರ್ಸು ಬಟ್ಟೆಯ ಗುಣವನ್ನೂ ಕತ್ತರಿಸುವ ವಿಧಾನವನ್ನೂ ಕಲಿಸುತ್ತದೆ. ಪಾತ್ರಕ್ಕೆ ಬಟ್ಟೆ ತೊಡಿಸುವುದನ್ನು ಕಲಿಯಲು ರಂಗಭೂಮಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿ ಕಾಸು ಕಡಿಮೆ ಇದ್ದಾಗ ಒಂದೇ ಪಂಚೆಯನ್ನು ರಾಜನಿಗೂ ಭಿಕ್ಷುಕನಿಗೂ ಉಡಿಸುವ ಉಪಾಯ ಅಲ್ಲಿ ತಾನಾಗಿಯೇ ಹೊಳೆಯುತ್ತದೆ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ನೀಡುತ್ತಿದೆ. ‘ತಾಯಿಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ವೈಶಾಲಿ ಕಾಸರವಳ್ಳಿಯವರೂ ರಂಗಭೂಮಿಯ ನಟಿಯೇ ಆಗಿದ್ದರು.

ನಮ್ಮ ಊರುಗಳ ಉಡುಗೆಯ ತಿಳಿವಳಿಕೆಯೂ ಬೇಕು. ಇಳಕಲ್ ಸೀರೆಗೆ ಗುಳೇದಗುಡ್ಡ ಖಣದ ಕುಪ್ಪಸ ಒಪ್ಪುವುದು ಉತ್ತರ ಕರ್ನಾಟಕದ ಪಾತ್ರಕ್ಕೆ. ಅದನ್ನೇ ಕೊಡವರ ಮನೆಯ ಹೆಂಗಸಿಗೆ ಉಡಿಸಿದರೆ ನೋಡುಗರು ನಕ್ಕಾರು, ಅಲ್ಲಿ ಸೀರೆಯ ನೆರಿಗೆ ಬರುವುದೇ ಬೆನ್ನಿನ ಕಡೆಗೆ.

ಕೆಲಸ ಕೇಳಲು ಹೋಗುವಾಗ ಚಿತ್ರಗಳ ಜೊತೆಗೆ, ನೀವೇ ಆರಿಸಿಕೊಂಡ ಒಂದು ಕಥೆಯ ಎರಡು ದೃಶ್ಯಗಳಿಗೆ ಉಡುಪಿನ ಪಟ್ಟಿ, ಬಟ್ಟೆಯ ತುಣುಕುಗಳು, ಅಂದಾಜು ಖರ್ಚು, ಇಷ್ಟನ್ನು ಒಂದು ಫೈಲಿನಲ್ಲಿಟ್ಟುಕೊಂಡು ಹೋಗಿ.