ಕರುವಿಗೆ ಕೊಡುವ ಜೀವಂತ ಲಸಿಕೆ

ನಮಸ್ಕಾರ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಹಟ್ಟಿಯ ಕೆಲಸದ ನಡುವೆಯೇ ರೇಡಿಯೊ ಕೇಳುತ್ತಿರುವ ಹೈನುಗಾರರಿಗೆ ಇವತ್ತು ಹೇಳಲಿಕ್ಕಿರುವುದು ಒಂದೇ ಮಾತು. ಕಂದು ಹಾಕುವ ರೋಗದ, ಅಂದರೆ ಬ್ರೂಸೆಲ್ಲೋಸಿಸ್‌ನ, ಲಸಿಕೆಯಲ್ಲಿರುವುದು ಜೀವಂತ ಬ್ಯಾಕ್ಟೀರಿಯ. ಜೀವ ಇದ್ದಾಗಲೇ ಅದು ಕರುವಿನ ಮೈ ಸೇರಬೇಕು.

ಲಸಿಕೆಯ ಆ ಬ್ಯಾಕ್ಟೀರಿಯ ತಳಿಯ ಹೆಸರು ಎಸ್-19. 1923ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಬಕ್ ಒಂದು ಜೆರ್ಸಿ ಹಸುವಿನ ಹಾಲಿನಿಂದ ಇದನ್ನು ಬೇರ್ಪಡಿಸಿದಾಗ ಇದು ರೋಗ ತರುವ ತಳಿಯೇ ಆಗಿತ್ತು. ಬೆಳೆಸಿದ ಕೊಳವೆ ಪ್ರಯೋಗಾಲಯದಲ್ಲಿ ವರ್ಷಕ್ಕೂ ಹೆಚ್ಚು ಕಾಲ ತಂಪಿನಲ್ಲಿಡದೆ ಹಾಗೇ ಉಳಿಯಿತು. ಆಮೇಲೆ ಪರೀಕ್ಷಿಸಿದರೆ ಉಗ್ರತೆ ಕುಗ್ಗಿತ್ತು, ಜೀವ ಮಾತ್ರ ಹೋಗಿರಲಿಲ್ಲ. ಎಂಥ ಭಾಗ್ಯ ನೋಡಿ! ಗಬ್ಬದ ದನದ ಮಾಸಿನಲ್ಲಿ ಎರಿತ್ರಿಟಾಲ್ ಎಂಬ ಸಿಹಿ ವಸ್ತು ಹೇರಳವಾಗಿರುತ್ತದೆ. ಉಗ್ರ ತಳಿ ಅದನ್ನು ತಿಂದೇ ಬೆಳೆಯುತ್ತದೆ, ಐದು ತಿಂಗಳು ದಾಟಿದ ಗಬ್ಬ ಇಳಿಯುತ್ತದೆ. ಎಸ್-19ಕ್ಕೆ ಆ ಎರಿತ್ರಿಟಾಲ್ ದಕ್ಕುವುದಿಲ್ಲ.

ಪ್ರಯೋಗದ ಇಲಿಗಳಲ್ಲಿ ಈ ಎರಡು ತಳಿಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಚುಚ್ಚಿದ ಮೇಲೆ ವಾರಕ್ಕೆ ಕೆಲವು ಇಲಿಗಳ ಗುಲ್ಮ, ಅಂದರೆ ಸ್ಪ್ಲೀನ್, ತೆಗೆದು, ಅರೆದು, ತಟ್ಟೆಯಲ್ಲಿ ಬೆಳೆಸಿ ಬ್ಯಾಕ್ಟೀರಿಯ ಎಣಿಸುತ್ತಾರೆ. ಉಗ್ರ ತಳಿ ತಿಂಗಳುಗಟ್ಟಲೆ ಬೀಡುಬಿಡುತ್ತದೆ. ಎಸ್-19 ಮೊದಲು ಏರಿ, ವಾರಗಳು ಕಳೆದಂತೆ ಇಳಿಯುತ್ತದೆ. ಆ ವಾರಗಳಲ್ಲೇ ಟಿ-ಕೋಶಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕೋಶಗಳು, ಪಳಗುತ್ತವೆ. ಬ್ರೂಸೆಲ್ಲ, ಅಂದರೆ ಈ ರೋಗದ ಬ್ಯಾಕ್ಟೀರಿಯ, ಅಡಗುವುದು ರೋಗಾಣು ನುಂಗುವ ಭಕ್ಷಕ ಕೋಶದ ಒಳಗೆ, ರೋಗಾಣುವಿಗೆ ಅಂಟಿಕೊಳ್ಳುವ ರಕ್ತದ ಪ್ರತಿಕಾಯಕ್ಕೆ ಅಲ್ಲಿ ಪ್ರವೇಶವಿಲ್ಲ. ಟಿ-ಕೋಶಗಳು ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತದ ವಸ್ತು ಸುರಿಸಿ ಎಚ್ಚರಿಸಿದರೆ ಭಕ್ಷಕ ಕೋಶವೇ ತನ್ನೊಳಗಿನ ರೋಗಾಣುವನ್ನು ಕೊಲ್ಲುತ್ತದೆ. ಸತ್ತ ಬ್ಯಾಕ್ಟೀರಿಯದಿಂದ ಈ ಪಾಠ ಸರಿಯಾಗಿ ಆಗುವುದಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ, ಒಂದೇ ಸಲ, ಚರ್ಮದಡಿ 2 ಮಿಲಿಲೀಟರ್. ಅಷ್ಟರಲ್ಲಿ ಜೀವಂತ ಬ್ಯಾಕ್ಟೀರಿಯ ಕನಿಷ್ಠ 4,000 ಕೋಟಿ ಇರಬೇಕು. ಹಾಗಾಗಿ ಸೀಸೆ 2ರಿಂದ 8 ಡಿಗ್ರಿಯಲ್ಲೇ ಇರಲಿ. ಸ್ಕೂಟರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟರೆ, ಸಿರಿಂಜನ್ನು ಸ್ಪಿರಿಟ್‌ನಿಂದ ತೊಳೆದರೆ, ನೀವು ಚುಚ್ಚಿಸುವುದು ಬರೀ ನೀರು! ಕಲಸಿದ ಲಸಿಕೆಯನ್ನು ನಾಳೆಗೆ ಇಡಬೇಡಿ. ಉಗ್ರತೆ ಕುಗ್ಗಿದ್ದರೂ ಗಬ್ಬದ ದನಕ್ಕೆ ಬೇಡ, ಕಂದು ಬೀಳಬಹುದು. ಗಂಡು ಕರುವಿಗೂ ಬೇಡ, ಬೀಜ ಬಾತೀತು. ಪ್ರಾಯಕ್ಕೆ ಬಂದ ದನಕ್ಕೆ ಕೊಟ್ಟರೆ ಆಮೇಲಿನ ರಕ್ತಪರೀಕ್ಷೆಯಲ್ಲಿ ರೋಗವೋ ಲಸಿಕೆಯೋ ತಿಳಿಯದು.

ಈ ಬ್ಯಾಕ್ಟೀರಿಯ ಮನುಷ್ಯರಿಗೂ ತಗಲುತ್ತದೆ. ಕರು ಹಿಡಿಯುವವರೂ ಕೈಗವಸು ಹಾಕಿಕೊಳ್ಳಿ. ಸೂಜಿ ಕೈಗೆ ತಾಗಿದರೆ, ಲಸಿಕೆ ಕಣ್ಣಿಗೆ ಸಿಡಿದರೆ ತೊಳೆದುಕೊಂಡು ಅದೇ ದಿನ ಡಾಕ್ಟರಲ್ಲಿಗೆ ಹೋಗಿ, ಎಸ್-19 ಎಂದು ಹೆಸರು ಹಿಡಿದೇ ಹೇಳಿ. ನಮಸ್ಕಾರ.