ಮೈಲಿ ಬಿಡಿ, ಹೊತ್ತು ನೋಡಿ: ಚಳಿಗಾಲದ ಕೆಂಪು ಕಣಿವೆಗಳಲ್ಲಿ ನಡಿಗೆ

ಕೇಳುಗರಿಗೆ ನಮಸ್ಕಾರ.

ಡಿಸೆಂಬರ್ ಹತ್ತಿರವಾದಂತೆ ಅಮೆರಿಕದಲ್ಲಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಒಂದೇ ಮಾತು ನಡೆಯುತ್ತಿರುತ್ತದೆ. ಕ್ರಿಸ್‌ಮಸ್ ರಜೆ ಇದೆ, ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಎಲ್ಲಾದರೂ ಹೋಗಿಬರೋಣ. ಲಾಸ್ ವೇಗಸ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು, ಯೂಟಾ ಮತ್ತು ಅರಿಝೋನಾದ ಮರುಭೂಮಿ ಕಣಿವೆಗಳ ಒಂದು ಸುತ್ತು. ಝಯಾನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಗ್ರ್ಯಾಂಡ್ ಕ್ಯಾನ್ಯನ್, ಐದೂ ರಾಷ್ಟ್ರೀಯ ಉದ್ಯಾನಗಳು. ಹೋಗಿ, ಖಂಡಿತ ಹೋಗಿ. ಜುಲೈನಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ತಳದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಝಯಾನ್‌ನಲ್ಲಿ ಬಸ್ಸಿಗೇ ಉದ್ದನೆಯ ಸರತಿ. ಜನವರಿಯಲ್ಲಿ ಅದೇ ಝಯಾನ್ ಕಣಿವೆಯೊಳಗೆ ನಿಮ್ಮ ಕಾರಲ್ಲೇ ಹೋಗಬಹುದು. ಕ್ರಿಸ್‌ಮಸ್ ವಾರದಲ್ಲಿ ಮಾತ್ರ ಮತ್ತೆ ಬಸ್ಸು. ಕೆಂಪು ಬಂಡೆಯ ಮೇಲೆ ಬಿಳಿ ಹಿಮ ಕೂತಿರುವುದನ್ನು ನೋಡುವ ಭಾಗ್ಯ ಬೇಸಿಗೆಯಲ್ಲಿ ಹೋದವರಿಗೆ ಸಿಗುವುದೇ ಇಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಚಳಿಗಾಲದ ಕಣಿವೆಯಲ್ಲಿ ಮೈಲಿ ಲೆಕ್ಕ ಬಿಡಿ, ಹೊತ್ತಿನ ಲೆಕ್ಕ ಹಿಡಿಯಿರಿ. "ಎಷ್ಟು ಮೈಲಿ ನಡೆಯಬೇಕು?" ಅಂತ ಎಲ್ಲರೂ ಕೇಳುತ್ತಾರೆ. ದಯವಿಟ್ಟು ಆ ಪ್ರಶ್ನೆ ಬಿಟ್ಟುಬಿಡಿ. "ಎಷ್ಟು ಗಂಟೆಗೆ ತಿರುಗಿ ಹೊರಡಬೇಕು?" ಅಂತ ಕೇಳಿ.

ಯಾಕೆ ಅಂದರೆ, ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಬೆಳಕಿರುವುದು ಸುಮಾರು ಒಂಬತ್ತೂವರೆ ಗಂಟೆ ಮಾತ್ರ. ಬೆಂಗಳೂರಿನಲ್ಲಿ ಅದೇ ದಿನ ಹನ್ನೊಂದು ಗಂಟೆ ಮೀರಿರುತ್ತದೆ. ಆ ಒಂಬತ್ತೂವರೆಯೂ ಬಯಲಿನ ಲೆಕ್ಕ. ಝಯಾನ್‌ನಲ್ಲಿ ಎರಡೂ ಬದಿ ಆರುನೂರು ಮೀಟರ್ ಎತ್ತರದ ಗೋಡೆ, ತಳಕ್ಕೆ ಬಿಸಿಲು ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಇದರ ಮೇಲೆ ಇನ್ನೊಂದು ಪೆಟ್ಟಿದೆ. ಲಾಸ್ ವೇಗಸ್ ಇರುವ ನೆವಾಡಾಕ್ಕಿಂತ ಯೂಟಾದ ಗಡಿಯಾರ ಒಂದು ಗಂಟೆ ಮುಂದೆ. ಬೆಳಿಗ್ಗೆ 8ಕ್ಕೆ ಹೊರಟು, ದಾರಿಯಲ್ಲಿ ಕಾಫಿ ಕುಡಿದು, ಮೂರು ಗಂಟೆಯಲ್ಲಿ ಝಯಾನ್ ತಲುಪಿದರೆ ಅಲ್ಲಿ 11 ಆಗಿರುವುದಿಲ್ಲ, 12 ಆಗಿರುತ್ತದೆ. ಅರ್ಧ ದಿನ ಮುಗಿದೇಹೋಯಿತು. ಆ ದಿನಕ್ಕೆ ವಾಚ್‌ಮನ್ ದಾರಿಯಂಥ ಸುಮಾರು ಎರಡು ಗಂಟೆಯ ನಡಿಗೆ ಒಂದೇ ಸಾಕು.

ಈಗ ಗ್ರ್ಯಾಂಡ್ ಕ್ಯಾನ್ಯನ್. ಉತ್ತರದ ಅಂಚಿಗೆ ಹೋಗುವ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ದಕ್ಷಿಣದ ಅಂಚು ವರ್ಷವಿಡೀ ತೆರೆದಿರುತ್ತದೆ. ನಮ್ಮ ಚಾರಣಗಳಲ್ಲಿ ಮೊದಲು ಹತ್ತುತ್ತೇವೆ, ದಣಿದ ಮೇಲೆ ಇಳಿಯುತ್ತೇವೆ. ಇಲ್ಲಿ ತಿರುಗುಮುರುಗು. ಮೊದಲು ಇಳಿತ, ದಣಿದ ಮೇಲೆ ಏರು. ಇಳಿಯುವಾಗ ಕಾಲು ತಾನಾಗಿಯೇ ಓಡುತ್ತದೆ, "ಇನ್ನೊಂದು ತಿರುವು, ಇನ್ನೊಂದು ತಿರುವು" ಅನ್ನಿಸುತ್ತದೆ. ಇಳಿಯಲು ಹಿಡಿದಷ್ಟರ ಎರಡು ಪಾಲು ಹೊತ್ತು ಹತ್ತಲು ಬೇಕು. ಹಾಗಾಗಿ ಲೆಕ್ಕ ಹೀಗೆ ಮಾಡಿ. ಸಂಜೆ 4ಕ್ಕೆ ಮೇಲಿರಬೇಕು. ಬೆಳಿಗ್ಗೆ 10ಕ್ಕೆ ಹೊರಟಿರಿ. ಕೈಯಲ್ಲಿರುವುದು ಆರು ಗಂಟೆ. ಅದನ್ನು ಮೂರು ಪಾಲು ಮಾಡಿ, ಒಂದು ಪಾಲು ಇಳಿಯಲು, ಎರಡು ಪಾಲು ಹತ್ತಲು. ಅಂದರೆ ಮಧ್ಯಾಹ್ನ 12ಕ್ಕೆ ಎಲ್ಲಿರುತ್ತೀರೋ ಅಲ್ಲಿಂದಲೇ ವಾಪಸ್. ಎದುರಿಗೆ ಎಷ್ಟೇ ಚೆಂದದ ನೋಟವಿರಲಿ, ವಾಪಸ್. ಹಿರಿಯರು ಜೊತೆಗಿದ್ದರೆ ಸೌತ್ ಕೈಬಾಬ್ ದಾರಿಯಲ್ಲಿ ಮುಕ್ಕಾಲು ಮೈಲಿಗಿಂತ ಸ್ವಲ್ಪ ಆಚೆಗಿರುವ ಊ-ಆ ಪಾಯಿಂಟ್‌ವರೆಗೆ ಸಾಕು. ಗಟ್ಟಿಗರು ಸೀಡರ್ ರಿಜ್‌ವರೆಗೆ ಹೋಗಬಹುದು. ಹೋಗಿಬರಲು ಮೂರು ಮೈಲಿ, ಇಳಿತ ಸುಮಾರು 350 ಮೀಟರ್. ಮೂರೇ ಮೈಲಿ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ, ಎರಡರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ. ಅಂಚೇ ಸಮುದ್ರಮಟ್ಟದಿಂದ 2100 ಮೀಟರ್ ಮೇಲಿದೆ, ಹತ್ತುವಾಗ ಏದುಸಿರು ಬರುತ್ತದೆ.

ಹೊತ್ತು ತಿನ್ನುವ ಇನ್ನೊಂದು ಸಂಗತಿ ಮಂಜುಗಡ್ಡೆ. ಬಿಸಿಲು ಬೀಳುವ ಕಡೆ ದಾರಿ ಒಣಗಿರುತ್ತದೆ. ಒಂದು ತಿರುವು ದಾಟಿದರೆ ನೆರಳು, ಅಲ್ಲಿ ವಾರಗಟ್ಟಲೆ ಕರಗದ ಗಡ್ಡೆ, ಅದರ ಮೇಲೆ ಸಾವಿರ ಜನ ನಡೆದು ನುಣ್ಣಗಾಗಿರುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಬ್ರೈಟ್ ಏಂಜಲ್ ದಾರಿಯ ಮೇಲ್ಭಾಗ, ಸೌತ್ ಕೈಬಾಬಿನ ಮೊದಲ ತಿರುವುಗಳು, ಆರ್ಚಸ್‌ನಲ್ಲಿ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿಗೆ ಮುನ್ನ ಬರುವ ಕೊನೆಯ 200 ಗಜದ ಬಂಡೆಯಂಚು, ಎಲ್ಲವೂ ಇಂಥ ಜಾಗಗಳೇ. ಮಧ್ಯಾಹ್ನ ಬಿಸಿಲಿಗೆ ಕರಗಿದ ನೀರು ದಾರಿಯ ಮೇಲೆ ಹರಿದಿರುತ್ತದೆ, ಮೂರೂವರೆ ಮೇಲೆ ಅದು ಮತ್ತೆ ಗಟ್ಟಿಯಾಗುತ್ತದೆ. ಹೋಗುವಾಗ ಬರೀ ಒದ್ದೆಯಾಗಿದ್ದ ಜಾಗ ಬರುವಾಗ ಜಾರುತ್ತದೆ. ಡೆಲಿಕೇಟ್ ಆರ್ಚ್‌ಗೆ ಎಲ್ಲರೂ ಸೂರ್ಯಾಸ್ತದ ಫೋಟೋಗಾಗಿ ಹೋಗುತ್ತಾರೆ, ಆಮೇಲೆ ಕತ್ತಲಲ್ಲಿ ಆ ಅಂಚಿನ ಮೇಲೆ ಅಂಗೈ ಊರಿ ತೆವಳುತ್ತಾರೆ. ಬೇಡ. ಒಂದು ಗಂಟೆಗೆ ಹೊರಡಿ, ಮೂರೂವರೆಯೊಳಗೆ ಅಲ್ಲಿಂದ ಇಳಿಯಲು ಶುರು ಮಾಡಿ. ಮೂರು ಗಂಟೆಯ ಬಿಸಿಲಿಗೂ ಆ ಕಮಾನು ಚೆನ್ನಾಗಿಯೇ ಕಾಣುತ್ತದೆ.

ಒಬ್ಬೊಬ್ಬರಿಗೂ ಒಂದು ಜೊತೆ ಮೈಕ್ರೋಸ್ಪೈಕ್ಸ್ ಬೇಕೇ ಬೇಕು. ಇದು ಶೂವಿನ ಮೇಲೆ ಹಾಕುವ ರಬ್ಬರ್ ಪಟ್ಟಿ. ಅಡಿಯಲ್ಲಿ ಸರಪಳಿ, ಸರಪಳಿಗೆ ಒಂದು ಸೆಂಟಿಮೀಟರಿನಷ್ಟು ಉದ್ದದ ಉಕ್ಕಿನ ಮುಳ್ಳು. ಮೊದಲು ಶೂವಿನ ಮೂತಿ ತೂರಿಸಿ, ಆಮೇಲೆ ಹಿಂದಿನ ಪಟ್ಟಿಯನ್ನು ಹಿಮ್ಮಡಿಯ ಮೇಲಕ್ಕೆ ಎಳೆಯಿರಿ. ಸಡಿಲವಾದದ್ದು ಕೊಂಡರೆ ಸರಪಳಿ ಪಕ್ಕಕ್ಕೆ ಜರುಗಿ ಮುಳ್ಳು ಶೂವಿನ ಬದಿಗೆ ಬರುತ್ತದೆ, ಪಾದ ಹೊರಳುತ್ತದೆ. ಅದಕ್ಕೇ ಹೋಟೆಲಿನ ಕೋಣೆಯಲ್ಲೇ, ಕೈಗವಸು ತೊಟ್ಟುಕೊಂಡೇ, ಹಾಕಿ ತೆಗೆದು ಅಭ್ಯಾಸ ಮಾಡಿ. ಮೆತ್ತನೆಯ ಹಿಮ ಅಡಿಯಲ್ಲಿ ಉಂಡೆ ಕಟ್ಟುತ್ತದೆ, ಆಗಾಗ ಕೋಲಿನಿಂದ ತಟ್ಟಿ ಉದುರಿಸಿ. ಬರಿಯ ಬಂಡೆ ಬಂದ ಕೂಡಲೇ ಕಳಚಿ. ಬಂಡೆಯ ಮೇಲೆ ಉಕ್ಕೇ ಜಾರುತ್ತದೆ, ಬಂಡೆಗೂ ಗೀರು ಬೀಳುತ್ತದೆ. ಹೀಗೆ ಹಾಕುವುದು, ತೆಗೆಯುವುದು, ಒಂದು ನಡಿಗೆಯಲ್ಲಿ ನಾಲ್ಕೈದು ಸಲ. ಅದಕ್ಕೂ ಹೊತ್ತು ಬೇಕು ನೋಡಿ.

ಹೊತ್ತಿನ ವಿಷಯಕ್ಕೆ ಇದೇ ಸೀಮೆಯ ಒಂದು ಇತಿಹಾಸ ಹೇಳಲೇಬೇಕು. 1879ರ ಚಳಿಗಾಲ. ನೈರುತ್ಯ ಯೂಟಾದ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಕುಟುಂಬಗಳಿಗೆ ಅವರ ಚರ್ಚಿನಿಂದ ಆಜ್ಞೆಯಾಯಿತು, ಆಗ್ನೇಯದ ಸ್ಯಾನ್ ವಾನ್ ನದಿಯ ದಂಡೆಗೆ ಹೋಗಿ ನೆಲೆಸಿ ಅಂತ. ಸುತ್ತು ದಾರಿ ಬಹಳ ದೂರ. ಕಣಿವೆಗಳ ಮೇಲೆ ನೇರ ಗೆರೆ ಎಳೆದರೆ ದೂರ ಅರ್ಧಕ್ಕೂ ಕಡಿಮೆ. ಆರು ವಾರದಲ್ಲಿ ತಲುಪುತ್ತೇವೆ ಅಂದುಕೊಂಡರು. ಸುಮಾರು 250 ಜನ, 80ಕ್ಕೂ ಹೆಚ್ಚು ಬಂಡಿ, ಸಾವಿರಕ್ಕೂ ಮೀರಿದ ದನಕರು, ಹೆಂಗಸರು, ಮಕ್ಕಳು. ಕೊಲರಾಡೊ ನದಿಯ ಅಂಚಿಗೆ ಬಂದು ನೋಡಿದರೆ ನದಿ ಸುಮಾರು 300 ಮೀಟರ್ ಕೆಳಗೆ! ಗೋಡೆಯಲ್ಲಿ ಮನುಷ್ಯ ನುಸುಳುವಂಥ ಒಂದು ಬಿರುಕು ಬಿಟ್ಟರೆ ಇಳಿಯಲು ದಾರಿಯಿಲ್ಲ. ಹಿಂದಿರುಗೋಣ ಅಂದರೆ ಬಂದ ದಾರಿಯ ಬೆಟ್ಟಗಳಲ್ಲಿ ಹಿಮ ತುಂಬಿತ್ತು. ಮುಂದೆ ಹೋಗಲೇಬೇಕು. ವಾರಗಟ್ಟಲೆ ಮದ್ದು ಸಿಡಿಸಿ ಆ ಬಿರುಕನ್ನು ಬಂಡಿಯಗಲ ಮಾಡಿದರು. ಕೆಳಗೆ ಒಂದು ಕಡೆ ನಿಲ್ಲಲು ನೆಲವೇ ಇರಲಿಲ್ಲ. ವೇಲ್ಸ್‌ನ ಕಲ್ಲಿದ್ದಲು ಗಣಿಯಲ್ಲಿ ಪಳಗಿದ್ದ ಬೆಂಜಮಿನ್ ಪರ್ಕಿನ್ಸ್ ಎಂಬಾತನ ಮುಂದಾಳತ್ವದಲ್ಲಿ ಗೋಡೆಗೇ ಸಾಲಾಗಿ ತೂತು ಕೊರೆದು, ಓಕ್ ಮರದ ಗೂಟ ಹೊಡೆದು, ಅದರ ಮೇಲೆ ದಿಮ್ಮಿ, ಪೊದೆ, ಕಲ್ಲು ಹಾಸಿ, ಗೋಡೆಯಿಂದ ಹೊರಚಾಚಿದ ರಸ್ತೆ ಕಟ್ಟಿದರು. 1880ರ ಜನವರಿ 26ರಂದು ಬಂಡಿಗಳು ಇಳಿಯತೊಡಗಿದವು. ಹಿಂದಿನ ಗಾಲಿ ತಿರುಗದಂತೆ ಸರಪಳಿ ಬಿಗಿದು, ಹಿಂದಿನಿಂದ ಗಂಡಸರು ಹಗ್ಗ ಹಿಡಿದು ಜಗ್ಗುತ್ತ, ಒಂದೊಂದೇ ಬಂಡಿ.

ಇದಕ್ಕೂ ಮೊದಲೇ, ಡಿಸೆಂಬರಿನಲ್ಲಿ, ನಾಲ್ವರು ದಾರಿ ಹುಡುಕಲು ಮುಂದೆ ಹೋಗಿದ್ದರು. ಎಂಟು ದಿನದ ಊಟ ಕಟ್ಟಿಕೊಂಡಿದ್ದರು. ಮರಳಿ ಬರುವಷ್ಟರಲ್ಲಿ ಮೂರು ವಾರ ಮೀರಿತ್ತು. ಕ್ರಿಸ್‌ಮಸ್ ದಿನ ಹಿಮದಲ್ಲಿ ದಿಕ್ಕು ತಪ್ಪಿ, ಬುತ್ತಿ ಖಾಲಿಯಾಗಿ, ಒಂದು ಗುಡ್ಡ ಹತ್ತಿ ನೋಡಿದಾಗ ದೂರದಲ್ಲಿ ಅಬಾಹೊ ಬೆಟ್ಟ ಕಂಡು ದಾರಿ ಹೊಳೆಯಿತು. ಆ ಗುಡ್ಡ ಇವತ್ತಿಗೂ ಯೂಟಾದ 95ನೇ ಹೆದ್ದಾರಿಯ ಪಕ್ಕದಲ್ಲಿದೆ, ಸಾಲ್ವೇಶನ್ ನಾಲ್ ಅಂತ. ಆ ಕಡೆ ಹೋದರೆ ಕಾರು ನಿಲ್ಲಿಸಿ ಹತ್ತಿ ನೋಡಿ. ಇಡೀ ತಂಡ ಬ್ಲಫ್ ಎಂಬಲ್ಲಿ ತಲುಪಿ ನೆಲೆ ಊರಿದ್ದು 1880ರ ಏಪ್ರಿಲ್ 6ರಂದು. ಆರು ವಾರ ಅಂದುಕೊಂಡಿದ್ದು ಹೆಚ್ಚುಕಡಿಮೆ ಆರು ತಿಂಗಳಾಯಿತು. ದಾರಿಯಲ್ಲಿ ಮಕ್ಕಳು ಹುಟ್ಟಿದವು, ಇಂಥ ದಾರಿಯಲ್ಲೂ ಒಬ್ಬರೂ ಸಾಯಲಿಲ್ಲ. ಎಂಥ ಗಟ್ಟಿ ಜನ! ಆದರೆ ಅವರ ನಕ್ಷೆಯಲ್ಲೂ ಮೈಲಿ ಕಡಿಮೆಯೇ ಇತ್ತು.

ಆ ಬಿರುಕಿನವರೆಗೆ ಇಂದೂ ಒಂದು ಮಣ್ಣುರಸ್ತೆ ಇದೆ, ಎಸ್ಕಲಾಂಟೆ ಊರಿನ ಹತ್ತಿರದಿಂದ ಐವತ್ತೈದು ಮೈಲಿಗೂ ಹೆಚ್ಚು. ಚಳಿಗಾಲದಲ್ಲಿ ಬಾಡಿಗೆ ಕಾರಿನಲ್ಲಿ ಅದರ ತಂಟೆಗೆ ಹೋಗಬೇಡಿ. ಅಲ್ಲಿನ ಜೇಡಿ ನೆಲ ಒದ್ದೆಯಾದರೆ ನಮ್ಮ ವಿಜಯಪುರದ ಎರೆಮಣ್ಣಿನ ಹಾಗೆಯೇ, ಗಾಲಿಗೆ ಅಂಟಿ ಅಂಟಿ ಕೊನೆಗೆ ಗಾಲಿಯೇ ತಿರುಗುವುದಿಲ್ಲ. ನಾಲ್ಕು ಗಾಲಿಗೂ ಎಂಜಿನ್ ಬಲವಿರುವ ಕಾರಾದರೂ ಅಷ್ಟೆ. ರಾತ್ರಿ ಹೆಪ್ಪುಗಟ್ಟಿ ಗಟ್ಟಿಯಾಗಿದ್ದ ರಸ್ತೆಯಲ್ಲಿ ಬೆಳಿಗ್ಗೆ ಸಲೀಸಾಗಿ ಒಳಗೆ ಹೋಗಿಬಿಡುತ್ತೀರಿ, ಮಧ್ಯಾಹ್ನ ಕರಗಿದ ಮೇಲೆ ಸಿಕ್ಕಿಕೊಳ್ಳುತ್ತೀರಿ.

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಝಯಾನ್ ಕಣಿವೆ 1200 ಮೀಟರ್ ಎತ್ತರದಲ್ಲಿದೆ, ಬ್ರೈಸ್ 2400 ಮೀಟರ್. ನಡುವೆ ಎರಡು ಗಂಟೆಯ ದಾರಿ. ಝಯಾನ್‌ನಲ್ಲಿ ಮಳೆ ಅಂದರೆ ಬ್ರೈಸ್‌ನಲ್ಲಿ ಹಿಮ. ಬ್ರೈಸ್‌ನಲ್ಲಿ ವಾಲ್ ಸ್ಟ್ರೀಟ್ ಎಂಬ ಇಕ್ಕಟ್ಟು ದಾರಿಯನ್ನು ಚಳಿಗಾಲವಿಡೀ ಮುಚ್ಚಿರುತ್ತಾರೆ, ಬೇಲಿ ಹಾರಬೇಡಿ. ವರ್ಷದಲ್ಲಿ 170ಕ್ಕೂ ಹೆಚ್ಚು ದಿನ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುತ್ತದೆ. ಬಿರುಕಿನ ನೀರು ಹೆಪ್ಪುಗಟ್ಟುವಾಗ ಹಿಗ್ಗಿ ಬಂಡೆ ಒಡೆಯುತ್ತದೆ. 2006ರ ಮೇ ತಿಂಗಳಲ್ಲಿ ಆ ದಾರಿಯ ಮೇಲೆಯೇ ದೊಡ್ಡ ಕುಸಿತವಾಗಿತ್ತು. ಪಕ್ಕದ ಟೂ ಬ್ರಿಜಸ್ ದಾರಿ ತೆರೆದಿದ್ದರೆ ಅದರಲ್ಲಿ ಇಳಿಯಿರಿ.

ಹತ್ತಿಯ ಬಟ್ಟೆ, ಜೀನ್ಸ್ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಮೈ ಶಾಖವನ್ನೇ ಹೀರುತ್ತದೆ. ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಒಬ್ಬರಿಗೆ ಎರಡು ಲೀಟರ್ ನೀರು, ಯಾಕೆಂದರೆ ಗ್ರ್ಯಾಂಡ್ ಕ್ಯಾನ್ಯನ್ ದಾರಿಯ ಹೆಚ್ಚಿನ ನಲ್ಲಿಗಳನ್ನು ಚಳಿಗಾಲದಲ್ಲಿ ನಿಲ್ಲಿಸಿರುತ್ತಾರೆ. ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಿ. ಗಡ್ಡೆ ಮೇಲ್ಭಾಗದಲ್ಲಿ ಕಟ್ಟುತ್ತದೆ, ಆಗ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಕೊಳವೆಯಿಂದ ಹೀರುವ ನೀರಿನ ಚೀಲ ತರಬೇಡಿ, ಮೊದಲು ಹೆಪ್ಪುಗಟ್ಟುವುದೇ ಆ ಕೊಳವೆ. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ನಿಲ್ಲುವುದಿಲ್ಲ. ತಲೆಗೆ ಕಟ್ಟುವ ದೀಪ ಎಲ್ಲರಿಗೂ ಒಂದೊಂದು.

ಕಾರಿನ ಟ್ಯಾಂಕು ಅರ್ಧಕ್ಕೆ ಇಳಿಯುವ ಮೊದಲೇ ತುಂಬಿಸಿ. ಸಲೈನಾದಿಂದ ಗ್ರೀನ್ ರಿವರ್‌ವರೆಗೆ 70ನೇ ಅಂತರರಾಜ್ಯ ಹೆದ್ದಾರಿಯಲ್ಲಿ ನೂರು ಮೈಲಿಗೂ ಹೆಚ್ಚು ದೂರ ಒಂದೂ ಪೆಟ್ರೋಲ್ ಬಂಕ್ ಇಲ್ಲ. ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್‌ಗೆ ಹೋಗುವ 12ನೇ ಹೆದ್ದಾರಿ ಬೌಲ್ಡರ್ ಬೆಟ್ಟದ ಮೇಲೆ 2900 ಮೀಟರ್ ಎತ್ತರ ದಾಟುತ್ತದೆ. ಅದನ್ನು ಹಗಲಲ್ಲೇ ದಾಟಿ, ಮುಸ್ಸಂಜೆಗೆ ಜಿಂಕೆಗಳು ರಸ್ತೆಗೆ ಬರುತ್ತವೆ.

ಇನ್ನು ಒಂದೇ. ದಾರಿಯ ಪಕ್ಕದಲ್ಲಿ ಕಪ್ಪಗೆ, ಒರಟೊರಟಾಗಿ, ಸಣ್ಣ ಸಣ್ಣ ಗುಪ್ಪೆ ಎದ್ದ ಮಣ್ಣು ಕಾಣುತ್ತದೆ. ಬಗ್ಗಿ ನೋಡಿ, ಕೈ ಹಾಕಬೇಡಿ, ಕಾಲಂತೂ ಇಡಲೇಬೇಡಿ. ಅದು ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿ ಸೇರಿ ಮರಳನ್ನು ಹಿಡಿದಿಟ್ಟ ಜೀವಂತ ಪದರ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಕಟ್ಟಿಕೊಳ್ಳಲು ದಶಕಗಳೇ ಬೇಕು. ದಾರಿಯಲ್ಲಿ ಕೆಸರಿದ್ದರೆ ಕೆಸರಿನಲ್ಲೇ ನಡೆಯಿರಿ, ಶೂ ತೊಳೆದುಕೊಳ್ಳಬಹುದು.

ನಮಸ್ಕಾರ.