ಒಂದು ಅಣು ಆರಿಹೋಗುವ ಹೊತ್ತು

ಎಲ್ಲರಿಗೂ ನಮಸ್ಕಾರ.

ನಾನು ಕೆಲಸ ಮಾಡುವ ಕೋಣೆ ಕತ್ತಲೆಯ ಕೋಣೆ. ಮೈಕ್ರೋಸ್ಕೋಪಿನ ಸುತ್ತ ಕಪ್ಪು ಪರದೆ. ಪಕ್ಕದ ಕಂಪ್ಯೂಟರಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು ಹೊಳೆಯುತ್ತಿರುತ್ತವೆ. ಅದರಲ್ಲಿ ಒಂದರ ಮೇಲೆ ಕಣ್ಣಿಟ್ಟು ಕೂರುತ್ತೇನೆ. ಹತ್ತು ಸೆಕೆಂಡು ಬೆಳಗುತ್ತದೆ, ಇಪ್ಪತ್ತು ಸೆಕೆಂಡು ಬೆಳಗುತ್ತದೆ. ಆಮೇಲೆ ಫಕ್ಕನೆ ಆರಿಹೋಗುತ್ತದೆ. ಮೆಲ್ಲಗೆ ಮಂಕಾಗುವುದಿಲ್ಲ, ಒಂದೇ ಏಟಿಗೆ ಕತ್ತಲು.

ಹಾಗೆ ಆರಿದ್ದನ್ನು ನೋಡಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅಲ್ಲಿದ್ದದ್ದು ಒಂದೇ ಒಂದು ಅಣು ಎನ್ನುವುದಕ್ಕೆ ಅದೇ ಸಾಕ್ಷಿ. ಸಾವಿರ ಅಣುಗಳಿದ್ದಿದ್ದರೆ ಒಂದೊಂದೇ ಕೆಡುತ್ತಾ ಬೆಳಕು ಇಳಿಜಾರಿನ ಹಾಗೆ ಇಳಿಯುತ್ತಿತ್ತು. ಎರಡೇ ಇದ್ದರೆ ಎರಡು ಮೆಟ್ಟಿಲು. ನಾಲ್ಕಿದ್ದರೆ ನಾಲ್ಕು. ನಾನು ನೋಡುವುದು ಪ್ರೋಟೀನಿನ ಅಣುಗಳನ್ನು. ಒಂದು ಗುಂಪಿನಲ್ಲಿ ಎಷ್ಟು ಪ್ರೋಟೀನುಗಳು ಕೂಡಿವೆ ಅಂತ ಲೆಕ್ಕ ಹಾಕುವುದೂ ಹೀಗೇ, ಮೆಟ್ಟಿಲು ಎಣಿಸಿ.

ಹೊಳೆಯುವುದು ಪ್ರೋಟೀನಲ್ಲ, ನಾವು ಅದಕ್ಕೆ ಅಂಟಿಸಿದ ಡೈ, ಅಂದರೆ ಹೊಳೆಯುವ ಬಣ್ಣದ ಅಣು. ಅದು ಒಂದು ಬಣ್ಣದ ಬೆಳಕನ್ನು ಹೀರಿ ಕೆಲವೇ ನ್ಯಾನೊಸೆಕೆಂಡಿನಲ್ಲಿ ಇನ್ನೊಂದು ಬಣ್ಣದ ಬೆಳಕನ್ನು ಬಿಡುತ್ತದೆ. ನಡುವೆ ಸ್ವಲ್ಪ ಶಕ್ತಿ ಸೋರುವುದರಿಂದ ನೀಲಿ ಕೊಟ್ಟರೆ ಹಸಿರು ಬರುತ್ತದೆ. ವಿಜ್ಞಾನಿ ಸ್ಟೋಕ್ಸ್ ಇದನ್ನು 1852ರಲ್ಲೇ ವಿವರಿಸಿದ್ದರು. ಬಣ್ಣ ಬೇರೆಯಾದದ್ದರಿಂದಲೇ ಲೇಸರಿನ ಬೆಳಕನ್ನು ಫಿಲ್ಟರಿನಲ್ಲಿ ತಡೆದು, ಅಣುವಿನ ಬೆಳಕನ್ನು ಮಾತ್ರ ಕ್ಯಾಮೆರಾಗೆ ಬಿಡಬಹುದು.

ಒಂದೊಂದೇ ಅಣುವನ್ನು ಯಾಕೆ ನೋಡಬೇಕು? ಈ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರೆ ಹೊರಗಿದ್ದವರಿಗೆ ಒಂದೇ ಸದ್ದು ಕೇಳುತ್ತದೆ. ಯಾರು ಬೇಗ ತಟ್ಟಿದರು, ಯಾರು ಸುಮ್ನೆ ಕೂತಿದ್ದರು, ಗೊತ್ತಾಗುವುದಿಲ್ಲ ಅಲ್ವಾ? ಟೆಸ್ಟ್ ಟ್ಯೂಬಿನಲ್ಲಿ ಕೋಟಿಗಟ್ಟಲೆ ಅಣುಗಳನ್ನು ಒಟ್ಟಿಗೆ ಅಳೆದಾಗಲೂ ಹಾಗೇ. ಸರಾಸರಿ ಸಿಗುತ್ತದೆ, ನಡಿಗೆ ಸಿಗುವುದಿಲ್ಲ.

ನಡಿಗೆ ಅಂದೆ. ನಿಜವಾದ ನಡಿಗೆಯೇ ಅದು. ಮಯೋಸಿನ್ 5 ಅನ್ನುವ ಪ್ರೋಟೀನು ಜೀವಕೋಶದೊಳಗೆ ಮೂಟೆ ಹೊತ್ತು ಆಕ್ಟಿನ್ ಎಳೆಯ ಮೇಲೆ ಸಾಗುತ್ತದೆ. ಅದಕ್ಕೆ ಎರಡು ಕಾಲು. ಒಂದು ಹೆಜ್ಜೆಗೆ ಸುಮಾರು 37 ನ್ಯಾನೊಮೀಟರ್ ಮುಂದೆ ಹೋಗುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ಹಾಗೆ ಒಂದರ ಮುಂದೊಂದು ಕಾಲಿಡುತ್ತದಾ, ಇಲ್ಲ ಕಂಬಳಿಹುಳದ ಹಾಗೆ ಹಿಂದಿನ ಕಾಲನ್ನು ಎಳೆದುಕೊಳ್ಳುತ್ತದಾ ಎನ್ನುವುದೇ ಪ್ರಶ್ನೆಯಾಗಿತ್ತು.

ಇಲ್ಲೊಂದು ತೊಡಕಿದೆ. ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಎಷ್ಟೇ ಪುಟ್ಟ ಅಣುವೂ ಸುಮಾರು 250 ನ್ಯಾನೊಮೀಟರ್ ಅಗಲದ ಮಬ್ಬು ಚುಕ್ಕೆಯಾಗಿಯೇ ಕಾಣುತ್ತದೆ. ಈ ಮಿತಿಯನ್ನು ವಿಜ್ಞಾನಿ ಅಬ್ಬೆ 1873ರಲ್ಲಿ ಹೇಳಿದ್ದರು. ಆದರೆ ಚುಕ್ಕೆ ಒಂದೇ ಅಣುವಿನದು ಅಂತ ಖಾತ್ರಿಯಿದ್ದರೆ ಅದರ ನಡುಮಧ್ಯ ಎಲ್ಲಿದೆ ಅಂತ ಲೆಕ್ಕ ಹಾಕಬಹುದು. ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಜಾಸ್ತಿ ಸಿಕ್ಕಷ್ಟೂ ಲೆಕ್ಕ ನಿಖರ. ಹತ್ತು ಸಾವಿರ ಸಿಕ್ಕರೆ ತಪ್ಪು ಎರಡು ಮೂರು ನ್ಯಾನೊಮೀಟರಿನೊಳಗೇ ಉಳಿಯುತ್ತದೆ.

2003ರಲ್ಲಿ ಯಿಲ್ಡಿಜ್, ಸೆಲ್ವಿನ್ ಮತ್ತು ಸಂಗಡಿಗರು ಮಯೋಸಿನ್ನಿನ ಒಂದೇ ಕಾಲಿಗೆ ಡೈ ಹಚ್ಚಿ ನೋಡಿದರು. ಕಂಬಳಿಹುಳದ ನಡಿಗೆಯಾಗಿದ್ದರೆ ಚುಕ್ಕೆ ಪ್ರತಿ ಸಲ 37 ಜಿಗಿಯಬೇಕಿತ್ತು. ಜಿಗಿದದ್ದು 74. ಆ ಕಾಲು ಒಮ್ಮೆ 74 ಮುಂದಿಟ್ಟು ನಿಲ್ಲುತ್ತದೆ, ಆಮೇಲೆ ಇನ್ನೊಂದು ಕಾಲಿನ ಸರದಿ. ನಾವು ನಡೆಯುವ ಹಾಗೇ!

ಆದರೆ ಈ ಬೆಳಕು ಅಕ್ಷಯವಲ್ಲ. ಒಳ್ಳೆಯ ಡೈ ಕೂಡ ಹೆಚ್ಚೆಂದರೆ ಹತ್ತು ಲಕ್ಷದ ಆಸುಪಾಸು ಫೋಟಾನು ಕೊಟ್ಟು ಕೆಟ್ಟುಹೋಗುತ್ತದೆ. ಅದರಲ್ಲೂ ಲೆನ್ಸಿಗೆ ಸಿಗುವುದು ಒಂದು ಪಾಲು ಮಾತ್ರ. ಲೇಸರ್ ಜೋರು ಮಾಡಿದರೆ ಚಿತ್ರ ಚೆನ್ನ, ಆಯಸ್ಸು ಕಡಿಮೆ. ನನ್ನ ದಿನದ ಬಹುಪಾಲು ಈ ಖರ್ಚನ್ನು ತೂಗಿಸುವುದರಲ್ಲೇ ಹೋಗುತ್ತದೆ. ಡೈ ಕೆಡಿಸುವುದರಲ್ಲಿ ನೀರಿನೊಳಗಿನ ಆಕ್ಸಿಜನ್‌ನ ಪಾತ್ರ ದೊಡ್ಡದು. ಅದನ್ನು ತೆಗೆಯಲು ಬಫರಿಗೆ, ಅಂದರೆ ಪ್ರೋಟೀನು ಇರುವ ದ್ರಾವಣಕ್ಕೆ, ಗ್ಲೂಕೋಸ್ ಮತ್ತು ಅದನ್ನು ಆಕ್ಸಿಜನ್ ಬಳಸಿ ಒಡೆಯುವ ಕಿಣ್ವ ಸೇರಿಸುತ್ತೇವೆ. ಆಗ ಕೆಲವು ಡೈಗಳು ಮಿಣುಕತೊಡಗುತ್ತವೆ. ಅದಕ್ಕೆ ಟ್ರೋಲಾಕ್ಸ್ ಹಾಕುತ್ತೇವೆ. ಅದು ಇ ವಿಟಮಿನ್ನಿನ ಹತ್ತಿರದ ನಂಟ.

ಈ ಮಿಣುಕನ್ನೇ ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. ಅಣುಗಳನ್ನು ಸರದಿಯ ಮೇಲೆ ಬೆಳಗಿಸಿ, ಒಂದೊಂದರ ನಡುಮಧ್ಯ ಗುರುತಿಸಿ, ಅಬ್ಬೆಯ ಮಿತಿಗಿಂತ ಸೂಕ್ಷ್ಮವಾದ ಚಿತ್ರ ಕಟ್ಟಬಹುದು. ಬೆಟ್ಜಿಗ್, ಹೆಲ್ ಮತ್ತು ಮೋರ್ನರ್ ಅವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಬೇರೆ ಬೇರೆ ದಾರಿಯಲ್ಲಿ ಈ ಮಿತಿಯನ್ನು ದಾಟಿದ ಕೆಲಸಕ್ಕೇ.

ವಿದ್ಯಾರ್ಥಿಗಳಿಗೆ ಒಂದು ಮಾತು. ನನ್ನ ಮೊದಮೊದಲ ದಿನಗಳಲ್ಲಿ ಮೂರು ವಾರ ಚುಕ್ಕೆಗಳನ್ನು ಅಳೆದಿದ್ದೆ. ಆಮೇಲೆ ಪ್ರೋಟೀನೇ ಹಾಕದ ಗಾಜನ್ನು ಇಟ್ಟು ನೋಡಿದೆ. ಅಲ್ಲೂ ಅಷ್ಟೇ ಚುಕ್ಕೆಗಳು! ಗಾಜಿನ ಕೊಳೆಯೂ ಹೊಳೆಯುತ್ತದೆ. ಅಂದಿನಿಂದ ಪ್ರತಿ ಬೆಳಿಗ್ಗೆ ಮೊದಲು ಖಾಲಿ ಗಾಜು, ಆಮೇಲೆ ಪ್ರಯೋಗ. ನೀವೂ ಹಾಗೇ ಮಾಡಿ.

ಈಗ ದೀಪ ಆರಿಸೋಣ. ಹನ್ನೆರಡು ಸೆಕೆಂಡಿನ ಒಂದು ವಿಡಿಯೋ ಇದೆ. ಎಡಗಡೆ ಮೇಲಿನ ಮೂಲೆಯ ಚುಕ್ಕೆಯನ್ನು ಮಾತ್ರ ನೋಡಿ, ಕಣ್ಣು ತೆಗೆಯಬೇಡಿ. ಎಷ್ಟು ಮೆಟ್ಟಿಲು ಇಳಿಯಿತು ಅಂತ ಮುಗಿದ ಮೇಲೆ ಕೇಳುತ್ತೇನೆ.